ನಡುವೆ ನಿಲ್ಲಿಸಬೇಡಿ ಎಂದು ಬರೆದಿದ್ದೆ

ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅವರು ನನ್ನ ಅಂಗಡಿಗೆ ಬಂದಾಗ ಕೈಯಲ್ಲಿ ಊಟದ ಡಬ್ಬಿ ಒಯ್ಯುವ ಚೀಲವಿತ್ತು. ಅದರೊಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಹಾರ್ಡ್ ಡಿಸ್ಕ್, ಜೊತೆಗೆ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಿಂದ ಹರಿದ ಒಂದು ಹಾಳೆ. ಹಾಳೆಯ ಕೆಳಭಾಗದಲ್ಲಿದ್ದ ಕಂಪ್ಯೂಟರ್ ಸಲಹೆಯ ಅಂಕಣ ನಾನು ಬರೆದದ್ದು.

ಠಾಣೆ ನಗರದ ನೌಪಾಡಾದಲ್ಲಿ ನನ್ನದು ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ. ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಬಂದು ಹತ್ತಕ್ಕೆ ಶಟರ್ ಎತ್ತುತ್ತೇನೆ. ತಿಂಗಳಿಗೊಮ್ಮೆ ಆ ಪತ್ರಿಕೆಗೆ ಅರ್ಧ ಪುಟ ಬರೆದುಕೊಡುತ್ತೇನೆ. ಪಾಸ್‌ವರ್ಡ್ ಹೇಗಿರಬೇಕು, ಫೋನಿನ ಬ್ಯಾಟರಿ ಯಾಕೆ ಬೇಗ ಇಳಿಯುತ್ತದೆ, ಹೊಸ ದೂರದರ್ಶಕಕ್ಕೆ ಏನು ಕಂಡಿತು, ಇಂಥವು. ಸಂಪಾದಕರನ್ನು ಬಿಟ್ಟು ಬೇರೆ ಯಾರಾದರೂ ಅದನ್ನು ಓದುತ್ತಾರೆಂದು ನನಗೆ ಖಾತ್ರಿಯೇನೂ ಇರಲಿಲ್ಲ.

ಬಂದವರು ಐವತ್ತು ದಾಟಿದ ಹೆಂಗಸು. ವಿಜಯಪುರದ ಕಡೆಯವರು. ತುರ್ಭೆಯ ಹತ್ತಿರ ಕೂಲಿಕಾರರ ಒಂದು ಸಂಘಟನೆ ನಡೆಸುತ್ತಾರೆ. ಅಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಾರಂತೆ, ನಾನೂ ಹಾಗೆಯೇ ಕರೆದೆ.

“ನೀವು ಬರದಂಗ ಮಾಡೀನ್ರಿ ಮೇಡಂ,” ಎಂದರು. “ಡಿಸ್ಕ್ ಭಾಳ ಸ್ಲೋ ಆಗಿತ್ತು. ಕರೀ ಕಿಟಕಿ ತಗದು ನೀವು ಕೊಟ್ಟ ಸಾಲು ಟೈಪ್ ಮಾಡೀನಿ. ನಡುವ ನಿಲ್ಲಿಸಬ್ಯಾಡ್ರಿ ಅಂತ ಬರದಿದ್ರಿ. ಎರಡು ದಿನ ನಡೀತು, ನಿಲ್ಲಿಸಲಿಲ್ಲ. ಆಮ್ಯಾಲ ನೋಡಿದ್ರ ಫೋಲ್ಡರ್ ಒಂದೂ ಇಲ್ಲ. ಈಗ ಟಕ್ ಟಕ್ ಅಂತೈತಿ. ನಾ ಎಲ್ಲೋ ತಪ್ಪು ಒತ್ತೀನಿ ಕಾಣ್ತದ.”

ಹಾಳೆಯನ್ನು ತೆಗೆದುಕೊಂಡು ಓದಿದೆ. ಡಿಸ್ಕ್ ನಿಧಾನವಾದರೆ ಕಮಾಂಡ್ ಕಿಟಕಿ ತೆರೆದು ‘ಚೆಕ್‌ಡಿಸ್ಕ್’ ಓಡಿಸಿ, ಅದು ಕೆಟ್ಟ ಜಾಗಗಳನ್ನು ಹುಡುಕಿ ಸರಿಪಡಿಸುತ್ತದೆ, ಸಮಯ ಹಿಡಿದರೂ ನಡುವೆ ನಿಲ್ಲಿಸಬೇಡಿ. ನನ್ನದೇ ವಾಕ್ಯಗಳು. ಡಿಸ್ಕ್ ಸಾಯುವ ಹಂತದಲ್ಲಿದ್ದರೆ ಇದನ್ನು ಮಾಡಲೇಬಾರದು ಎಂಬ ಮಾತು ಎಲ್ಲೂ ಇರಲಿಲ್ಲ. ಮೊದಲು ಬೇರೊಂದು ಕಡೆ ನಕಲು ಮಾಡಿಟ್ಟುಕೊಳ್ಳಿ ಎಂಬುದೂ ಇರಲಿಲ್ಲ. ಚೆಕ್‌ಡಿಸ್ಕ್ ಸರಿಪಡಿಸುವುದು ಕಡತಗಳ ಪಟ್ಟಿಯನ್ನೇ ಹೊರತು ಕಡತಗಳನ್ನಲ್ಲ. ಓದಲಾಗದ್ದನ್ನು ಅದು ಪಟ್ಟಿಯಿಂದ ಕಿತ್ತುಹಾಕುತ್ತದೆ. ಸೋತ ಡಿಸ್ಕನ್ನು ಎರಡು ದಿನ ಹೀಗೆ ಕೆದಕಿದರೆ ಒಳಗೆ ಓದುವ ಮುಳ್ಳೂ ಹಾಳಾಗುತ್ತದೆ. ಇಷ್ಟೂ ನನಗೆ ಗೊತ್ತಿತ್ತು. ಬರೆಯುವಾಗ ನೆನಪಾಗಿರಲಿಲ್ಲ, ಅಷ್ಟೆ.

“ತಪ್ಪು ನಿಮ್ಮದಲ್ಲ” ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. “ಇದನ್ನು ಇನ್ನು ಆನ್ ಮಾಡ್ಬೇಡಿ ಅಕ್ಕ, ನಾನು ನೋಡ್ತೇನೆ,” ಎಂದೆ.

ಡಿಸ್ಕಿನಲ್ಲಿ ಏನಿತ್ತೆಂದು ಆಮೇಲೆ ಹೇಳಿದರು. ಗುಡ್ಡದ ಅಂಚಿನ ಒಂದು ಕಲ್ಲುಗಣಿಯಲ್ಲಿ ಹತ್ತಾರು ವರ್ಷ ದುಡಿದ ನಲವತ್ತಮೂರು ಜನರ ಕಡತಗಳು. ಹೆಚ್ಚಿನವರು ಕಲಬುರಗಿ, ರಾಯಚೂರು ಕಡೆಯವರು. ಗಣಿ ಮುಚ್ಚಿ ಎಷ್ಟೋ ಕಾಲವಾಗಿದೆ, ಮಾಲೀಕರು ಎಲ್ಲಿದ್ದಾರೋ ಗೊತ್ತಿಲ್ಲ. ಕಲ್ಲಿನ ಧೂಳು ಮಾತ್ರ ಜನರ ಎದೆಯೊಳಗೆ ಉಳಿದಿದೆ. ಇದು ಕ್ಷಯವಲ್ಲ, ಕೆಲಸದಿಂದ ಬಂದ ರೋಗ ಎಂದು ಒಂದು ವೈದ್ಯಕೀಯ ಸಮಿತಿ ಬರೆದುಕೊಟ್ಟರೆ ಅವರಿಗೆ ಸರಿಯಾದ ಚಿಕಿತ್ಸೆ ಸಿಗುತ್ತದೆ. ಇಲ್ಲದಿದ್ದರೆ ಪ್ರತಿ ಆಸ್ಪತ್ರೆಯಲ್ಲೂ ಅದೇ ಕ್ಷಯದ ಮಾತ್ರೆ. ಸಮಿತಿಯ ಮುಂದೆ ಇಡಲು ಅಕ್ಕ ಒಬ್ಬೊಬ್ಬರ ಹಾಜರಿ ಕಾರ್ಡಿನ ಫೋಟೋ, ಎದೆಯ ಎಕ್ಸ್‌ರೇಯ ಫೋಟೋ, ತಮ್ಮ ಕೆಲಸದ ಬಗ್ಗೆ ಅವರೇ ಆಡಿದ ಮಾತಿನ ಧ್ವನಿಮುದ್ರಣ ಸೇರಿಸಿಟ್ಟಿದ್ದರು. ಮೂಲ ಕಾಗದಗಳು ಹಿಂದಿನ ಮಳೆಗಾಲದಲ್ಲಿ ಆಫೀಸಿಗೆ ನೀರು ನುಗ್ಗಿ ಮುದ್ದೆಯಾಗಿದ್ದವು. ಉಳಿದದ್ದು ಈ ಡಿಸ್ಕ್ ಒಂದೇ. ಬೇಲಾಪುರದಲ್ಲಿ ವಿಚಾರಣೆ ಮರುವಾರದ ಶುಕ್ರವಾರ.

ಲೆಕ್ಕ ಹಾಕಿದೆ. ಕೈಯಲ್ಲಿ ಹನ್ನೊಂದು ದಿನವಿತ್ತು.

ಮೊದಲು ಡಿಸ್ಕನ್ನು ಪ್ಲಾಸ್ಟಿಕ್ ಪೆಟ್ಟಿಗೆಯಿಂದ ಬಿಡಿಸಿ ಅಂಗಡಿಯ ಕಂಪ್ಯೂಟರಿಗೆ ನೇರವಾಗಿ ಜೋಡಿಸಿದೆ. ವಿಂಡೋಸ್ ಹಾಕಲಿಲ್ಲ. ಕೆಟ್ಟ ಡಿಸ್ಕ್ ಕಂಡರೆ ಅದು ಕೇಳದೆಯೇ ಏನಾದರೂ ಬರೆಯಲು ಹೋಗುತ್ತದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಎಂಬ ಇನ್ನೊಂದು ಕಾರ್ಯವ್ಯವಸ್ಥೆ ಹಚ್ಚಿ, ಡಿಸ್ಕನ್ನು ಓದಲು ಮಾತ್ರ ಬಿಟ್ಟೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆಯನ್ನು ತೆರೆದು ನೋಡಿದರೆ, ಓದಲಾಗದೆ ಬಾಕಿ ಉಳಿದ ಜಾಗಗಳು ಸಾವಿರಗಟ್ಟಲೆ. ಹೊಸ ಡಿಸ್ಕೊಂದನ್ನು ಪಕ್ಕದಲ್ಲಿಟ್ಟು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಶುರು ಮಾಡಿದೆ. ಅದರ ಕೆಲಸ ಸರಳ. ಸಲೀಸಾಗಿ ಓದಬಹುದಾದ್ದನ್ನು ಮೊದಲು ನಕಲು ಮಾಡುತ್ತದೆ, ತೊಡಕು ಬಂದಲ್ಲಿ ಹಟ ಹಿಡಿಯದೆ ಮುಂದೆ ಹಾರುತ್ತದೆ, ಎಲ್ಲಿ ಹಾರಿತೆಂದು ಒಂದು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳುತ್ತದೆ. ಕರೆಂಟು ಹೋಗಿ ನಿಂತರೂ ನಕ್ಷೆ ನೋಡಿ ಅಲ್ಲಿಂದಲೇ ಮುಂದುವರಿಸಬಹುದು.

ಸೋಮವಾರ ಸಂಜೆಗೆ ಹತ್ತರಲ್ಲಿ ಒಂದು ಪಾಲು ಬಂದಿತ್ತು. ಮಂಗಳವಾರ ಮಧ್ಯಾಹ್ನ ಡಿಸ್ಕ್ ಟಕ್ ಎಂದು ಕಂಪ್ಯೂಟರಿನ ಕಣ್ಣಿನಿಂದಲೇ ಮಾಯವಾಯಿತು. ಮುಟ್ಟಿದರೆ ಕೈ ಸುಡುತ್ತಿತ್ತು. ಅಂಗಡಿಯಲ್ಲಿ ಎಸಿ ಇಲ್ಲ. ಮೇಜಿನ ಫ್ಯಾನನ್ನು ಅದರ ಎದುರಿಗೆ ತಿರುಗಿಸಿಟ್ಟು ನಾನು ಬೆವರುತ್ತ ಕೂತೆ. ಒಂದು ಗಂಟೆ ಓಡಿಸು, ಇಪ್ಪತ್ತು ನಿಮಿಷ ಆರಿಸು, ಮತ್ತೆ ಹಚ್ಚು. ಹಚ್ಚಿದಾಗಲೆಲ್ಲ ಅದು ತಿರುಗಲು ಶುರುಮಾಡುವ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದೆ. ಬೇರೆ ಗಿರಾಕಿಗಳ ಲ್ಯಾಪ್‌ಟಾಪುಗಳು ಕಪಾಟಿನಲ್ಲಿ ಹಾಗೆಯೇ ಬಿದ್ದವು. ಫೋನ್ ಬಂದರೆ ನಾಳೆ ಎನ್ನುತ್ತಿದ್ದೆ.

ಬುಧವಾರ ಇನ್ನೂ ಕೆಟ್ಟದಾಯಿತು. ನಡುಭಾಗಕ್ಕೆ ಬರುತ್ತಲೇ ವೇಗ ಬಿದ್ದುಹೋಯಿತು. ಹಿಂದಿನಿಂದ ಮುಂದಕ್ಕೆ ಓದುವಂತೆ ದಿಕ್ಕು ತಿರುಗಿಸಿದೆ, ಸ್ವಲ್ಪ ಸಿಕ್ಕಿತು. ಟಕ್ ಟಕ್ ಸದ್ದು ಮೊದಲು ಗಂಟೆಗೊಮ್ಮೆ ಇದ್ದದ್ದು ಈಗ ಹತ್ತು ನಿಮಿಷಕ್ಕೊಮ್ಮೆ ಬರುತ್ತಿತ್ತು. ಅಂದು ಸಂಜೆ ಡೊಂಬಿವಲಿಯ ಲೋಕಲ್‌ನಲ್ಲಿ ನಿಂತೇ ಹೋಗುವಾಗ ಪಕ್ಕದ ಹೆಂಗಸು ಉಗುರು ಕಿಟಕಿಗೆ ತಾಗಿಸಿ ಟಕ್ ಅನ್ನಿಸಿದ್ದಕ್ಕೆ ನಾನು ತಟ್ಟನೆ ತಿರುಗಿದೆ.

ಶುದ್ಧ ಗಾಳಿಯ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ ಮುಳ್ಳು ಬದಲಿಸುವ ಲ್ಯಾಬುಗಳಿವೆ. ಪರಿಚಯದ ಒಬ್ಬರಿಗೆ ಫೋನ್ ಮಾಡಿದೆ. ಅದೇ ಮಾದರಿಯ ಬಿಡಿಭಾಗ ಹುಡುಕಿ ತರಿಸಲೇ ಮೂರು ವಾರ ಎಂದರು. ವಿಚಾರಣೆ ಅಷ್ಟರಲ್ಲಿ ಮುಗಿದುಹೋಗಿರುತ್ತದೆ.

ಗುರುವಾರ ಬೆಳಿಗ್ಗೆ ಅಲ್ಲಿಯವರೆಗೆ ಸಿಕ್ಕ ಅರೆಬರೆ ನಕಲನ್ನೇ ತೆರೆದು ನೋಡಿದೆ. ಡಿಸ್ಕಿನಲ್ಲಿ ಕಡತಗಳ ವಿಳಾಸಗಳನ್ನೆಲ್ಲ ಬರೆದಿಡುವ ಒಂದು ಪಟ್ಟಿ ಇರುತ್ತದೆ. ಚೆಕ್‌ಡಿಸ್ಕ್ ಅದನ್ನು ಅರ್ಧಕ್ಕರ್ಧ ಹಾಳುಮಾಡಿತ್ತು. ಹೆಸರುಗಳು ಹೋಗಿದ್ದವು. ಆದರೆ ಅಳಿದುಹೋದ ಸಾಲುಗಳಲ್ಲೂ ಅಲ್ಲಲ್ಲಿ ವಿಳಾಸ ಉಳಿದಿತ್ತು. ಧ್ವನಿ ಕಡತಗಳೂ ಎಕ್ಸ್‌ರೇಗಳೂ ಡಿಸ್ಕಿನ ಒಂದೇ ಕಡೆ, ನಾನು ಇನ್ನೂ ಮುಟ್ಟಲಾಗದ ನಡುಭಾಗದಲ್ಲಿ ಇರುವಂತೆ ಕಂಡಿತು. ಅದಕ್ಕೂ ಮೊದಲು, ತಂತ್ರಾಂಶ ಬಹುಪಾಲು ಹಾರಿಬಿಟ್ಟಿದ್ದ ದೊಡ್ಡದೊಂದು ಜಾಗದಲ್ಲಿ ಬೇರೆ ಫೋಟೋಗಳು, ಮನೆಯ ವೀಡಿಯೊಗಳು. ಡಿಸ್ಕಿಗೆ ಇನ್ನು ಹೆಚ್ಚು ಆಯುಸ್ಸಿಲ್ಲ. ಎರಡರಲ್ಲಿ ಯಾವುದನ್ನು ಮೊದಲು ಓದಬೇಕೆಂದು ನಾನು ತೀರ್ಮಾನಿಸುವಂತಿರಲಿಲ್ಲ. ಅಕ್ಕನನ್ನು ಕರೆಸಿದೆ.

ತುರ್ಭೆಯಿಂದ ಮಧ್ಯಾಹ್ನದ ಹೊತ್ತಿಗೆ ಬಂದರು. ಕೂತವರೇ ಹೇಳಿದರು, “ಮಂದಿಗೆ ನಾ ಇನ್ನಾ ಹೇಳಿಲ್ರಿ. ಡಿಸ್ಕ್ ರಿಪೇರಿಗೆ ಕೊಟ್ಟೀನಿ ಅಂದೀನಿ ಅಷ್ಟ. ನನ್ನ ಕೈಯಾಗ ಹಾಳಾತು ಅಂತ ಹೆಂಗ ಹೇಳಲಿ? ಕಲಿತಾಕಿ ಅಂತ ನಂಬಿ ಕೊಟ್ಟಿದ್ರು.”

ಮೂರು ದಿನ ಇದೇ ಮಾತನ್ನು ಎದೆಯಲ್ಲಿಟ್ಟುಕೊಂಡು ತಿರುಗಿದ್ದರು ಆಕೆ. ನಾನು ತಿರುಗಲು ಬಿಟ್ಟಿದ್ದೆ.

“ಅಕ್ಕ, ನೀವು ತಪ್ಪು ಒತ್ತಲಿಲ್ಲ,” ಎಂದೆ. “ನಾನು ಬರೆದದ್ದೇ ತಪ್ಪು. ನಿಮ್ಮ ಡಿಸ್ಕ್ ಮೊದಲೇ ಸೋತಿತ್ತು, ಅದು ನಿಜ. ಆದ್ರೆ ಆವತ್ತು ಸುಮ್ಮನೆ ನಕಲು ಮಾಡಿಕೊಂಡಿದ್ರೆ ಹೆಚ್ಚಿನದೆಲ್ಲ ಉಳೀತಿತ್ತು. ನನ್ನ ಸಲಹೆ ಓಡಿಸಿದ್ದಕ್ಕೇ ಹೀಗಾದದ್ದು. ಸೋಮವಾರವೇ ನನಗೆ ಗೊತ್ತಾಗಿತ್ತು.”

ಫ್ಯಾನು ಡಿಸ್ಕಿನ ಕಡೆ ತಿರುಗಿತ್ತು, ನಮಗಿಬ್ಬರಿಗೂ ಗಾಳಿ ಇರಲಿಲ್ಲ. ಅಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಎದ್ದು ಡಿಸ್ಕ್ ತೆಗೆದುಕೊಂಡು ಹೋಗಿಬಿಡುತ್ತಾರೆ ಎಂದುಕೊಂಡೆ.

“ಸೋಮವಾರ ಹೇಳಿದ್ರ ಮೂರು ದಿನ ನಿದ್ದಿಯಾದ್ರೂ ಬರ್ತಿತ್ತಲ್ರಿ ನನಗ,” ಎಂದರು. ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು, “ಇರಲಿ. ಈಗ ಏನ್ ಮಾಡೋದು ಹೇಳ್ರಿ.”

ಹೇಳಿದೆ. ಡಿಸ್ಕಿಗೆ ಉಳಿದಿರುವ ಜೀವದಲ್ಲಿ ಎರಡರಲ್ಲಿ ಒಂದನ್ನು ಓದಬಹುದು. ಎರಡೂ ಸಿಗುವ ಭರವಸೆ ಇಲ್ಲ. ಮೊದಲಿನ ದೊಡ್ಡ ಜಾಗದಲ್ಲಿ ಮನೆಯ ಫೋಟೋಗಳಿವೆ, ಯಾರವು?

“ನಮ್ಮವ. ಮಗಳು ಹುಟ್ಟಿದಾಗಿಂದ ಎಲ್ಲಾ ಅದರಾಗ ಅದಾವ. ಆಕಿ ಸಾಲಿ, ಆಕಿ ಡ್ಯಾನ್ಸು, ನಮ್ಮವ್ವ ಬಂದಿದ್ದು.” ಎದುರಿನ ಪರದೆಯಲ್ಲಿ ನಕ್ಷೆಯ ಬಣ್ಣದ ಚೌಕಗಳನ್ನು ನೋಡುತ್ತ ಕೂತರು. “ಬಿಡ್ರಿ ಅವನ್ನ. ಮೊದಲ ಅವರದು ತಗೀರಿ.”

“ಮಗಳನ್ನು ಒಂದು ಮಾತು ಕೇಳ್ತೀರಾ?”

“ಆಕಿ ಫೋಟೋ ಬೇಕಂದ್ರ ಮತ್ತ ತಕ್ಕೊಳ್ಳಾಕ ಆಕಿ ಮುಂದ ಅದಾಳ. ಇವರು ಹಂಗಲ್ಲಲ್ರಿ.”

ಡಿಸ್ಕನ್ನು ಒಂದು ಗಂಟೆ ತಣ್ಣಗಾಗಲು ಬಿಟ್ಟು, ನಡುವಿನ ಆ ಒಂದು ಭಾಗವನ್ನಷ್ಟೇ ಓದುವಂತೆ ಶುರುವಿನ ಜಾಗವನ್ನೂ ಅಳತೆಯನ್ನೂ ಕೈಯಾರೆ ಕೊಟ್ಟು ಓಡಿಸಿದೆ. ಗುರುವಾರ ಸಂಜೆಯಿಂದ ಶನಿವಾರ ಮಧ್ಯಾಹ್ನದವರೆಗೆ ಅದು ತೆವಳಿತು. ಶನಿವಾರ ಎರಡು ಗಂಟೆಗೆ ಒಳಗೆ ಏನೋ ಕೆರೆದ ಸದ್ದಾಯಿತು. ಆಮೇಲೆ ಆ ಡಿಸ್ಕ್ ಮತ್ತೆ ತಿರುಗಲಿಲ್ಲ. ಅಷ್ಟು ಹೊತ್ತಿಗೆ ನಮಗೆ ಬೇಕಿದ್ದ ಭಾಗದಲ್ಲಿ ಎಂಟರಲ್ಲಿ ಏಳು ಪಾಲು ಈಚೆ ಬಂದಿತ್ತು. ಮನೆಯ ಫೋಟೋಗಳ ಜಾಗದಿಂದ ಮೊದಲೇ ಅಲ್ಲಲ್ಲಿ ಸಿಕ್ಕಿದ್ದ ತುಣುಕುಗಳನ್ನು ಬಿಟ್ಟರೆ ಏನೂ ಇಲ್ಲ. ಅಕ್ಕನಿಗೆ ಫೋನ್ ಮಾಡಿ ಎರಡನ್ನೂ ಹೇಳಿದೆ. “ಆತು,” ಎಂದರು.

ಮುಂದಿನ ತೊಡಕು ಹೆಸರುಗಳದ್ದು. ಹೆಸರಿಲ್ಲದ ರಾಶಿಯಿಂದ ಕಡತಗಳನ್ನು ಅವುಗಳ ಆಕಾರದ ಗುರುತು ಹಿಡಿದು ಹೆಕ್ಕುವ ತಂತ್ರಾಂಶವಿದೆ. ಇದು ಚಿತ್ರ, ಇದು ಧ್ವನಿ ಎಂದು ಬೇರೆ ಮಾಡಿಕೊಡುತ್ತದೆ. ಯಾರದ್ದು ಎಂದು ಅದಕ್ಕೆ ಗೊತ್ತಿಲ್ಲ. ನನ್ನ ಮುಂದೆ ಬಂದು ಬಿದ್ದದ್ದು ಬರಿಯ ಸಂಖ್ಯೆಗಳ ಹೆಸರು ಹೊತ್ತ ನೂರಾರು ಕಡತಗಳು. ಹಾಜರಿ ಕಾರ್ಡುಗಳ ಮೇಲೆ ಹೆಸರು ಇತ್ತು, ಓದಿ ಬರೆದುಕೊಂಡೆ. ಎಕ್ಸ್‌ರೇ ಫಿಲ್ಮಿನ ಕೆಳ ಅಂಚಿನಲ್ಲಿ ಆಸ್ಪತ್ರೆಯವರು ಹೆಸರು ಬರೆದಿದ್ದರು, ಅದೂ ಆಯಿತು. ಧ್ವನಿಗಳದ್ದೇ ಕಷ್ಟ. ಹಲವು ಮುದ್ರಣಗಳು ಹೆಸರು ಹೇಳುವ ಮೊದಲ ಭಾಗವನ್ನೇ ಕಳೆದುಕೊಂಡು ನಡುವಿನಿಂದ ಶುರುವಾಗುತ್ತಿದ್ದವು.

ಸೋಮವಾರ ಅಕ್ಕ ಒಬ್ಬ ಮುಕಾದಮನನ್ನು ಕರೆತಂದರು. ಗಣಿಯಲ್ಲಿ ಆಳುಗಳ ಗುಂಪು ಕಟ್ಟಿ ಕೆಲಸ ಮಾಡಿಸುತ್ತಿದ್ದವರು, ಕಲಬುರಗಿಯ ಕಡೆಯವರು, ಅರವತ್ತರ ಹತ್ತಿರ. ಅಂಗಡಿಯ ಮೂರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎರಡು ಸಲ ನಿಂತರು. ಹೆಡ್‌ಫೋನ್ ಕೊಟ್ಟರೆ ಬೇಡವೆಂದರು. ಸ್ಪೀಕರಿನಲ್ಲೇ ಹಾಕಿದೆ.

ಮೊದಲ ಮುದ್ರಣದಲ್ಲಿ ಯಾರೋ ಮಾತಾಡುವ ಮುಂಚೆ ಕೆಮ್ಮಿದರು. ಮುಕಾದಮರು ಕೈ ಎತ್ತಿದರು. ನಿಲ್ಲಿಸಿದೆ.

ಒಂದು ಹೆಸರು ಹೇಳಿದರು.

“ಇನ್ನೂ ಮಾತೇ ಆಡಿಲ್ಲವಲ್ಲ,” ಎಂದೆ.

“ಕೆಮ್ಮು ಅವಂದ ಐತ್ರಿ ಮೇಡಂ. ಕಡೀಕ ಒಂದು ಸೀಟಿ ಬರ್ತದ ನೋಡ್ರಿ. ಒಂದ ಶೆಡ್ಡಿನ್ಯಾಗ ಮಲಗ್ತಿದ್ವಿ, ಹದಿನಾಕು ವರ್ಷ. ಕತ್ತಲಾಗ ಕೆಮ್ಮಿನ ಮ್ಯಾಲ ಗುರ್ತ ಹಿಡೀತಿದ್ವಿ.”

ಮುಂದೆ ಹಾಕಿದೆ. ಅವರು ಹೇಳಿದವರದ್ದೇ. ನಡುವೆ ಆ ದನಿ ತನ್ನ ಹೆಂಡತಿ ಮಕ್ಕಳ ಹೆಸರು ಹೇಳಿದ ಮೇಲೆ ಅಕ್ಕನೂ ಗುರುತು ಹಿಡಿದರು. ಸೋಮವಾರ, ಮಂಗಳವಾರ ಎರಡು ದಿನ ಹೀಗೇ ಕೂತೆವು. ಅವರು ಹೇಳುವುದು, ಅಕ್ಕ ತಾಳೆ ನೋಡುವುದು, ನಾನು ಟೈಪ್ ಮಾಡುವುದು. ಕೆಲವು ಸಲ ಮುಕಾದಮರು ಹೆಸರು ಹೇಳದೆ ಕಡತ ಮುಗಿಯುವವರೆಗೂ ಕೇಳುತ್ತಿದ್ದರು. ಅಂಥವರು ಈಗ ಇಲ್ಲ ಎಂದು ಮೂರನೆಯ ಸಲಕ್ಕೆ ನನಗೆ ಅರ್ಥವಾಯಿತು. ಆಮೇಲೆ ನಾನು ಅವಸರ ಮಾಡಲಿಲ್ಲ. ಆ ಎರಡು ದಿನದಲ್ಲಿ ಕಂಪ್ರೆಸರ್ ಎಂಬ ಪದವನ್ನು ಎಷ್ಟು ಸಲ ಕೇಳಿದೆನೋ. ಕಲ್ಲಿಗೆ ತೂತು ಕೊರೆಯುವ ಯಂತ್ರ ಅದು. ಅದು ಶುರುವಾದರೆ ಪಕ್ಕದಲ್ಲಿ ನಿಂತವನ ಮುಖ ಕಾಣುತ್ತಿರಲಿಲ್ಲವಂತೆ.

ಎಲ್ಲ ಮುಗಿದಾಗ ಮೂವತ್ತೇಳು ಜನರ ಕಡತಗಳು ಪೂರ್ತಿಯಾಗಿದ್ದವು. ಆರು ಜನರದ್ದು ಆಗಲಿಲ್ಲ. ಯಾರ ಹೆಸರಿಗೂ ಸೇರದೆ ಮೂರು ಅರ್ಧಂಬರ್ಧ ಎಕ್ಸ್‌ರೇ ಚಿತ್ರಗಳು ಉಳಿದವು. ಮೇಲರ್ಧ ಸ್ಪಷ್ಟ, ಕೆಳಗೆ ಬರಿಯ ಬೂದುಬಣ್ಣ. ಹೆಸರು ಬರೆದ ಅಂಚು ಹೋಗಿತ್ತು.

ಶುಕ್ರವಾರ ಬೇಲಾಪುರಕ್ಕೆ ನಾನೂ ಹೋದೆ. ಕಡತಗಳ ಹೆಸರು ಯಾಕೆ ಬದಲಾಗಿವೆ, ತಾರೀಖು ಯಾಕೆ ಬೇರೆಯಾಗಿದೆ ಎಂದು ಯಾರಾದರೂ ಕೇಳಿದರೆ ಹೇಳುವವರು ಬೇಕಿತ್ತು. ಕೇಳಿದರು. ನಡೆದದ್ದನ್ನು ನಡೆದ ಹಾಗೆ ಬರೆದು ಸಹಿ ಹಾಕಿದ ಎರಡು ಪುಟ ಕೊಟ್ಟೆ. ಅದರಲ್ಲಿ ನನ್ನ ಅಂಕಣದ ಮಾತೂ ಇತ್ತು. ಸಮಿತಿಯಲ್ಲಿದ್ದ ಹಿರಿಯ ವೈದ್ಯರು ಓದಿ, ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, ಪುಟ ಮಗುಚಿದರು. ಮೂವತ್ತೇಳನ್ನು ಪರಿಶೀಲನೆಗೆ ತೆಗೆದುಕೊಂಡರು. ಉಳಿದ ಆರಕ್ಕೆ ಒಂದು ತಿಂಗಳ ಅವಕಾಶ ಸಿಕ್ಕಿತು. ಆರರಲ್ಲಿ ನಾಲ್ವರು ಬದುಕಿದ್ದರು, ಅವರಿಂದ ಹೊಸದಾಗಿ ಹೇಳಿಕೆಯನ್ನೂ ಎಕ್ಸ್‌ರೇಯನ್ನೂ ತೆಗೆಸಬಹುದಿತ್ತು. ಇಬ್ಬರು ಇರಲಿಲ್ಲ. ಅವರ ಮನೆಯವರಿಗೆ ಪರಿಹಾರ ಸಿಗಬೇಕಾದರೂ ಇದೇ ದಾಖಲೆ ಬೇಕಿತ್ತು.

ಆ ತಿಂಗಳ ಅಂಕಣದಲ್ಲಿ ಬೇರೇನೂ ಬರೆಯಲಿಲ್ಲ. ಹಿಂದಿನ ಸಲಹೆ ತಪ್ಪು, ಹಾಗೆ ಮಾಡಿದ್ದರಿಂದ ಒಬ್ಬರ ಡಿಸ್ಕ್ ಹಾಳಾಯಿತು. ಡಿಸ್ಕ್ ಇದ್ದಕ್ಕಿದ್ದಂತೆ ನಿಧಾನವಾದರೆ ಅದನ್ನು ರಿಪೇರಿ ಮಾಡಲು ಹೋಗಬೇಡಿ, ಮುಖ್ಯವಾದದ್ದನ್ನು ಮೊದಲು ಬೇರೆ ಕಡೆ ನಕಲು ಮಾಡಿ, ಸದ್ದು ಬಂದರೆ ಕೂಡಲೇ ಆರಿಸಿ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಸಂಪಾದಕರು ಮಂಗಳೂರಿನ ಕಡೆಯವರು, ನಯವಾಗಿ ಹೇಳಿದರು: “ಸಲಹೆ ಮಾತ್ರ ಹಾಕುವ ಮಾರಾಯ್ರೆ. ತಪ್ಪಾಯ್ತು ಅಂತೆಲ್ಲ ಬೇಡ. ಜನ ಆಮೇಲೆ ಏನನ್ನೂ ನಂಬುದಿಲ್ಲ.” ಹಾಗಾದರೆ ಅಂಕಣವೇ ಬೇಡ ಎಂದೆ. ಎರಡು ದಿನ ಬಿಟ್ಟು ಪೂರ್ತಿ ಹಾಕಿದರು.

ತೀರಿಹೋದ ಇಬ್ಬರಲ್ಲಿ ಒಬ್ಬರ ಹೆಂಡತಿ ಜೂನಿನಲ್ಲಿ ಅಂಗಡಿಗೆ ಬಂದರು. ಭಿವಂಡಿಯ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ, ಒಂದು ದಿನದ ರಜೆ ಹಾಕಿ ಬಂದಿದ್ದರು. ಅಕ್ಕನೇ ವಿಳಾಸ ಕೊಟ್ಟು ಕಳಿಸಿದ್ದು. ಗಂಡನ ದನಿ ಸಿಕ್ಕಿಲ್ಲವೆಂದು ಅವರಿಗೆ ಗೊತ್ತಿತ್ತು. ಮತ್ತೇನಾದರೂ ಉಳಿದಿದ್ದರೆ ನೋಡಬೇಕಿತ್ತು. ಮೂರು ಅರ್ಧ ಎಕ್ಸ್‌ರೇಗಳನ್ನು ಒಂದೊಂದಾಗಿ ಪರದೆಗೆ ತಂದೆ. ಎರಡನೆಯದಕ್ಕೆ ಅವರು ಮುಂದೆ ಬಾಗಿ ಭುಜದ ಮೂಳೆಯ ಮೇಲೆ ಬೆರಳಿಟ್ಟರು.

“ಇದು ಅವರದ್ರಿ. ಇಲ್ಲಿ ಕಲ್ಲು ಬಿದ್ದು ಮುರದಿತ್ತು. ಸೊಟ್ಟ ಕೂಡಿತ್ತು. ರಾತ್ರಿ ಎಣ್ಣಿ ಹಚ್ಚತಿದ್ದೆ, ಕೈಗೆ ಹತ್ತತಿತ್ತು.”

ದೊಡ್ಡದು ಮಾಡಿ ನೋಡಿದೆ. ಬಲಗಡೆ ಕುತ್ತಿಗೆಯ ಬುಡದಿಂದ ಭುಜಕ್ಕೆ ಹೋಗುವ ಎಲುಬು ನಡುವೆ ಉಬ್ಬಿ, ಸ್ವಲ್ಪ ಬಾಗಿ ಕೂಡಿಕೊಂಡಿತ್ತು. ಈ ರೋಗ ಶ್ವಾಸಕೋಶದ ಮೇಲ್ಭಾಗದಲ್ಲೇ ಮೊದಲು ಕಾಣುತ್ತದೆ ಎಂದು ಬೇಲಾಪುರದಲ್ಲಿ ಆ ವೈದ್ಯರು ಹೇಳಿದ್ದು ಕೇಳಿದ್ದೆ. ಉಳಿದಿದ್ದೂ ಮೇಲರ್ಧವೇ. ಅಕ್ಕನಿಗೆ ಫೋನ್ ಮಾಡಿದೆ. ಮುರಿದಾಗ ಕಟ್ಟು ಹಾಕಿಸಿದ ಆಸ್ಪತ್ರೆಯ ಚೀಟಿ ಇದೆಯೇ ಎಂದು ಅವರು ಕೇಳಿದರು. ಊರಲ್ಲಿ ಟ್ರಂಕಿನಲ್ಲಿ ಇರಬೇಕು ಎಂದರು ಈಕೆ. ಸಮಿತಿ ಒಪ್ಪುತ್ತದೆಯೋ ಇಲ್ಲವೋ ಈಗಲೂ ನನಗೆ ತಿಳಿದಿಲ್ಲ. ಅಂಕಿಗಳನ್ನು ಅಳಿಸಿ ಆ ಕಡತಕ್ಕೆ ಅವರ ಗಂಡನ ಹೆಸರು ಟೈಪ್ ಮಾಡಿದೆ. ಒಂದು ಪ್ರಿಂಟು ತೆಗೆದುಕೊಟ್ಟೆ.

ಪ್ರಿಂಟನ್ನು ಮಡಚದೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ಅವರು ಎದ್ದರು. ಬಾಗಿಲ ಹತ್ತಿರ ನಿಂತು ಕೇಳಿದರು.

“ಅಕ್ಕಗ ನೀವು ಹೇಳಿದ್ರಿ. ನಿಮಗ ಯಾರು ಹೇಳಿದ್ರು ಹಂಗ ಮಾಡಂತ?”

ಸಿಟ್ಟಿನ ದನಿಯಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದು. ಯಾರೂ ಹೇಳಿರಲಿಲ್ಲ. ಪತ್ರಿಕೆಗೆ ಕೊಡಬೇಕಾದ ದಿನ ಹತ್ತಿರ ಬಂದಿತ್ತು, ಒಂದು ಇಂಗ್ಲಿಷ್ ಜಾಲತಾಣದಲ್ಲಿ ಇದ್ದದ್ದನ್ನು ಕನ್ನಡಕ್ಕೆ ಇಳಿಸಿದ್ದೆ. ಅದನ್ನೇ ಹೇಳಿದೆ.

“ಅವರಿಗೆ ಇದು ಗೊತ್ತದೇನ್ರಿ, ಹಿಂಗಾತು ಅಂತ?”

“ಇಲ್ಲ.”

“ಹಂಗಾರ ಅವರಿಗೂ ಹೇಳ್ರಿ,” ಎಂದು ಮೆಟ್ಟಿಲಿಳಿದು ಹೋದರು.

ಆ ಜಾಲತಾಣದ ಪುಟವನ್ನು ಹುಡುಕಿ ತೆಗೆದೆ. ಹಾಗೆಯೇ ಇತ್ತು. ಕೊನೆಯಲ್ಲಿ ಓದುಗರು ಬರೆಯಲು ಸ್ವಲ್ಪ ಜಾಗವಿತ್ತು, ಅಲ್ಲಿ ಬಹಳ ಜನ ಧನ್ಯವಾದ ಹೇಳಿದ್ದರು. ನನಗೆ ಬರುವ ಇಂಗ್ಲಿಷಿನಲ್ಲಿ, ನಡೆದದ್ದನ್ನು ಮೊದಲಿನಿಂದ ಬರೆಯತೊಡಗಿದೆ.